ಕೋಚ್ ಕೊಟ್ಟ ಮಾತು, ಕಚೇರಿ ಕೊಡದ ಸೀಟು

ಪ್ರವೇಶ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಮಗಳು ಬ್ರೆನ್ನಾಗೆ ನಿಮ್ಮ ಕಾಲೇಜಿನಲ್ಲಿ ನೀವು ಸೀಟು ಕೊಡಲಿಲ್ಲ. ಕೊಟ್ಟೇಬಿಟ್ಟಿರೆಂದು ನಾನು ಊರಿಗೆಲ್ಲ ಕೇಕ್ ಹಂಚಿಯಾಗಿತ್ತು. ಮೊದಲನೆಯದು ನಿಮ್ಮ ಅನ್ಯಾಯ, ಎರಡನೆಯದು ನನ್ನ ದಡ್ಡತನ. ಎರಡನ್ನೂ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನೆಬ್ರಾಸ್ಕಾದ ನಮ್ಮ ಮೂಲೆಯಲ್ಲಿ ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ.

ಬ್ರೆನ್ನಾ ಶಾಲೆಯ ಕ್ರೀಡಾಕೂಟಗಳಲ್ಲಿ ಗುಂಡು ಎಸೆಯುವವಳು. ಹೋದ ಅಕ್ಟೋಬರಿನಲ್ಲಿ ನಿಮ್ಮ ಕೋಚ್ ಕಾಲೇಜಿನ ತಂಡಕ್ಕೆ ಆಟಗಾರರನ್ನು ಹುಡುಕುತ್ತಾ ನಮ್ಮ ಮನೆಗೇ ಬಂದರು. ಸೇಬಿನ ಪೈ ಎರಡು ಸಲ ಹಾಕಿಸಿಕೊಂಡು, ಬಾಯಿ ಒರೆಸಿಕೊಂಡು ಹೇಳಿದರು: "ಅಂಕಗಳನ್ನ ಕಚೇರಿಗೆ ತೋರಿಸಿದ್ದೀನಿ ಮೇಡಂ, ಸಾಕು ಅಂದಿದಾರೆ. ಸೀಟು ಇವಳದ್ದೇ ಅಂದ್ಕೊಳ್ಳಿ."

"ಅಮ್ಮಾ, ಇದು ಬರೀ ಬಾಯಿಮಾತು ಕಣೇ," ಎಂದಳು ಮಗಳು, ಅವರು ಹೋದ ಮೇಲೆ.

"ಸುಮ್ನಿರೇ! ಊಟಕ್ಕೆ ಮುಂಚೆ ಕಣ್ಮುಚ್ಚಿ ಪ್ರಾರ್ಥನೆ ಮಾಡಿದ ಮನುಷ್ಯ ಸುಳ್ಳು ಹೇಳ್ತಾನಾ?"

ನಾನು ಹಳ್ಳಿ ಶಾಲೆಯಲ್ಲಿ ಓದಿದವಳು. ಕಣ್ಣು ಮುಚ್ಚಿದವರು ದೇವರನ್ನೇ ನೆನೆಯುತ್ತಾರೆ, ಪೈಯನ್ನಲ್ಲ ಎಂದು ನಂಬಿದ್ದೆ. ಅವಳನ್ನು ಕರೆದಿದ್ದ ಇನ್ನೆರಡು ಕಾಲೇಜುಗಳಿಗೆ ಬೇಡ ಎನ್ನಿಸಿದವಳೂ ನಾನೇ. ಭಾನುವಾರ ಚರ್ಚಿನಲ್ಲಿ ಎದ್ದುನಿಂತು ಕೃತಜ್ಞತೆ ಹೇಳಿದೆ, ತುಸು ಗಟ್ಟಿಯಾಗಿಯೇ. ದೇವರ ಕಿವಿ ಚುರುಕು. ಹಿಂದಿನ ಸಾಲಿನಲ್ಲಿದ್ದ ನೆರೆಮನೆಯ ಆರ್ಲಿಸ್‌ಗೆ ಕೇಳಿಸಬೇಕಿತ್ತು. ಅವಳ ಮಗಳಿಗೆ ಬ್ರೆನ್ನಾಗಿಂತ ಹೆಚ್ಚು ಅಂಕ ಬಂದಿದ್ದರೂ ನೀವು ಹಿಂದಿನ ವರ್ಷ ಸೀಟು ಕೊಟ್ಟಿರಲಿಲ್ಲ. "ಬೇಜಾರ್ ಮಾಡ್ಕೋಬೇಡ, ದೇವರು ಒಬ್ರಿಗೆ ತಲೆ ಕೊಡ್ತಾನೆ, ಒಬ್ರಿಗೆ ತೋಳು ಕೊಡ್ತಾನೆ" ಎಂದು ನಾನು ಸಮಾಧಾನ ಬೇರೆ ಹೇಳಿದ್ದೆ.

ಫೆಬ್ರವರಿಯಲ್ಲಿ ಕೋಚ್ ಬೇರೆ ಕಾಲೇಜಿಗೆ ಹೋದರು. ಹೊಸಬರಿಗೆ ಓಟಗಾರರು ಬೇಕಂತೆ. ಮಾರ್ಚಿನಲ್ಲಿ ನಿಮ್ಮ ಉತ್ತರ ಬಂತು: ಅಂಕಗಳು ಸಾಲುವುದಿಲ್ಲ. ಅಕ್ಟೋಬರಿನಲ್ಲಿ ಸಾಕಾಗಿದ್ದ ಅಂಕಗಳು ಮಾರ್ಚಿನಲ್ಲಿ ಎಲ್ಲಿಗೆ ಹೋದವು, ಮಾನ್ಯರೇ? ಕೋಚ್ ಸಾಮಾನು ಕಟ್ಟುವಾಗ ಮಗಳ ಗಣಿತವನ್ನೂ ಪೆಟ್ಟಿಗೆಗೆ ತುಂಬಿಕೊಂಡರೇ?

ಆರ್ಲಿಸ್ ಬಿಸಿಬಿಸಿ ಆಲೂಗಡ್ಡೆ ಅಡುಗೆ ಹಿಡಿದು ಬಂದಳು. "ರೋಂಡಾ, ಈಗ ದೇವರು ನಿಂಗೇನು ಕೊಟ್ಟ?"

"ಬುದ್ಧಿ."

"ಸ್ವಲ್ಪ ತಡವಾಯ್ತು. ಇರ್ಲಿ, ತಿನ್ನು."

ನಾನು ಕೇಳುವುದಿಷ್ಟೇ. ಕೋಚ್ ಆಡಿದ್ದು ಕಾಲೇಜಿನ ಮಾತು ಎಂದು ಒಪ್ಪಿಕೊಂಡು ಬ್ರೆನ್ನಾಳನ್ನು ಸೇರಿಸಿಕೊಳ್ಳಿ. ಅದು ನಿಮ್ಮ ಮಾತಲ್ಲವೆಂದರೆ, ಇನ್ನು ಯಾವ ಮನೆಯ ಊಟದ ಮೇಜಿಗೂ ಅವರಂಥವರನ್ನು ಕಳಿಸಬೇಡಿ. ಯಾವುದಾದರೂ ಸರಿ, ಬೇಗ ಹೇಳಿ. ಹುಡುಗಿ ಈಗಲೂ ದಿನಾ ಸಂಜೆ ಕೊಟ್ಟಿಗೆಯ ಹಿಂದೆ ಗುಂಡು ಎಸೆಯುತ್ತಾಳೆ. ಸಾಕು ಬಾ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ಇಂತಿ,
ಅಂಗಡಿಯವರು ವಾಪಸ್ ತೆಗೆದುಕೊಳ್ಳದ ನಿಮ್ಮ ಕಾಲೇಜಿನ ಅಂಗಿ ತೊಟ್ಟು ಕೋಳಿಗೂಡು ಗುಡಿಸುತ್ತಿರುವ
ರೋಂಡಾ ಹೈಸಿಂಗಾ