ನಲವತ್ತೊಂದನೆಯ ಚೀಟಿ

ಗೋಕಾಕ
14-3-1958, ಶುಕ್ರವಾರ

ಪ್ರೀತಿಯ ಉದ್ದಪ್ಪಣ್ಣನಿಗೆ,

ತಂಗಿ ಸೀತವ್ವನ ನಮಸ್ಕಾರ. ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಹರಿದು ಹಾಕಿದೆ, ಸಿಟ್ಟಾಗಬೇಡ. ಅತ್ತಿಗೆಯ ಕೆಮ್ಮು ಕಡಿಮೆಯಾಯಿತೆ? ಮುಂಬಯಿಯ ಹವಾ ಅವಳಿಗೆ ಆಗಿಬರುವುದಿಲ್ಲ, ಬಿಸಿನೀರು ಕುಡಿಯಲು ಹೇಳು.

ಅವ್ವನನ್ನು ಮಣ್ಣು ಮಾಡಿದ ದಿನವೇ ನೀನು, ದವಾಖಾನೆಯಲ್ಲಿ ಏನಾಯಿತೆಂದು ಕೇಳಿದೆ. ನಾನು ಬಾಯಿ ಬಿಡಲಿಲ್ಲ. ಈಗ ಡಾಕ್ಟರರ ಮೇಲೆ ಅರ್ಜಿ ಕೊಡುತ್ತೇನೆಂದು ಬರೆದಿದ್ದೀಯ. ಕೈ ಮುಗಿಯುತ್ತೇನೆ ಅಣ್ಣಾ, ಕೊಡಬೇಡ. ಮೊದಲು ಇದನ್ನು ಪೂರ್ತಿ ಓದು.

ನಮ್ಮ ಡಾಕ್ಟರರು ಹೋದ ವರ್ಷದಿಂದ ಒಂದು ಪರೀಕ್ಷೆ ನಡೆಸಿದ್ದರು. ಆಪರೇಶನ್ನಿಗೆ ಈಥರ್ ಮೂಸಿಸಿ ನಿದ್ದೆ ಮಾಡಿಸುವುದು ಒಳ್ಳೆಯದೋ, ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಜೋಮು ಹಿಡಿಸುವುದು ಒಳ್ಳೆಯದೋ ಎಂದು ನೋಡುವುದು. ಬಂದವರಿಗೆ ಸರದಿಯಂತೆ ನಂಬರಿನ ಚೀಟಿ. ಬೆಸ ನಂಬರಿಗೆ ಈಥರ್, ಸರಿ ನಂಬರಿಗೆ ಸೂಜಿ. "ಮನಸ್ಸಿಗೆ ಬಂದಂಗ ಆರಿಸಿದರ ಖರೆ ಯಾವುದಂತ ಎಂದೂ ತಿಳಿಯಂಗಿಲ್ಲ" ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದರೋ.

ಅವ್ವನಿಗೂ ನಾಗನೂರಿನ ಶೆಟ್ಟೆವ್ವನಿಗೂ ಒಂದೇ ರೋಗ, ಗರ್ಭಚೀಲದ ಗಡ್ಡೆ. ಇಬ್ಬರ ಆಪರೇಶನ್ನೂ ಒಂದೇ ದಿನ. ಅವ್ವನ ಕೇಸ್ ಕಾಗದಕ್ಕೆ ನಲವತ್ತೊಂದರ ಚೀಟಿ ಇತ್ತು. ಮೂಗಿನ ಮೇಲೆ ಬಟ್ಟೆಯ ಜಾಳಿಗೆ ಇಟ್ಟು ಈಥರ್ ಹನಿಸುವ ಕೆಲಸ ನನ್ನದು. ಹೊಟ್ಟೆ ಖಾಲಿ ಇರಬೇಕು, ಅದನ್ನು ಕೇಳುವವಳೂ ನಾನೇ. "ಊಟ ಮಾಡೀಯೇನಬೇ?" ಎಂದು ಕೇಳಿದೆ. "ಇಲ್ಲವ್ವಾ, ನಿನ್ನೆಯಿಂದ ರೊಟ್ಟಿ ಮುಟ್ಟಿಲ್ಲ" ಎಂದಳು.

ಸುಳ್ಳು ಹೇಳಲಿಲ್ಲ ಅಣ್ಣಾ. ಅರ್ಧ ಕೆಲಸವಾಗಿತ್ತು, ವಾಂತಿ ಉಕ್ಕಿ ಬಂದು ಎಲ್ಲಾ ಉಸಿರಿನೊಳಗೆ ಹೋಯಿತು. ಡಾಕ್ಟರರು ಅವಳನ್ನು ಮಗ್ಗುಲಾಗಿಸಿದರು, ಗಂಟಲು ಬಳಿದರು, ಬೆವರು ಸುರಿಸಿದರು. ಉಳಿಯಲಿಲ್ಲ. ಆಮೇಲೆ ಮಂಚದ ಕೆಳಗೆ ನೋಡಿದರೆ ನಮ್ಮ ಊರು ಕುಳಗೋಡದಿಂದ ಅವ್ವ ತಂದ ತಂಬಿಗೆ, ತಳದಲ್ಲಿ ಜೋಳದ ಅಂಬಲಿ. ನಮ್ಮ ಮನೆಯಲ್ಲಿ ರೊಟ್ಟಿ ಉಂಡರೆ ಮಾತ್ರ ಊಟ, ಅಂಬಲಿ ಬರೀ ಕುಡಿಯುವುದು. ಅದೇ ಅಂಬಲಿ ಕುಡಿದು ಬೆಳೆದ ನನಗೆ "ಏನರ ಕುಡದೀಯೇನು" ಎಂದು ಕೇಳಲು ಹೊಳೆಯಲಿಲ್ಲ. ನರ್ಸ್ ಅಂತೆ ನಾನು, ಸುಡಲಿ ಈ ಕೆಲಸ.

ತಂಬಿಗೆಯ ವಿಷಯ ಡಾಕ್ಟರರಿಗೆ ಹೇಳಿದೆ. ಬೈಯಲಿಲ್ಲ. ತಲೆ ಹಿಡಿದು ಕುಳಿತು ಅಂದರು: "ಬೆನ್ನಿಗೆ ಸೂಜಿ ಹಾಕಿದ್ದರ ಎಚ್ಚರ ಇರತಿದ್ಲು ಸೀತವ್ವ. ತಾನ ಉಗುಳತಿದ್ಲು. ಬದುಕತಿದ್ಲು. ಆದರ ಸರದಿ ನಮ್ಮ ಕೈಯಾಗ ಇರಲಿಲ್ಲಲ್ಲಾ." ಅಂದಿನಿಂದ ನನಗೆ ಅನ್ನ ಸೇರುವುದಿಲ್ಲ. ಈಥರ್ ವಾಸನೆ ಬಂದರೆ ಹೊರಗೆ ಹೋಗಿ ನಿಲ್ಲುತ್ತೇನೆ. ಅವರು ಪರೀಕ್ಷೆಯನ್ನು ನಿಲ್ಲಿಸಿ, ತಪ್ಪು ತಮ್ಮದೆಂದು ತಿಳಿದು ಒಳಗೊಳಗೇ ಕೊರಗುತ್ತಿದ್ದಾರೆ.

ಅದಕ್ಕೇ ಹೇಳುತ್ತೇನೆ, ಅರ್ಜಿ ಹರಿದು ಹಾಕು. ಅತ್ತಿಗೆಗೆ ನಮಸ್ಕಾರ. ನಿನ್ನ ಮಗಳು ಕೆಂಪವ್ವನಿಗೆ ಈ ಅತ್ತೆಯ ಆಶೀರ್ವಾದ, ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಸೀತವ್ವ

ತಾ. ಕ.: ಅವ್ವನ ಸರದಿ ನಲವತ್ತೆರಡು. ನಲವತ್ತೊಂದು ಶೆಟ್ಟೆವ್ವನದು. ಬೆನ್ನಿನ ಸೂಜಿಗೆ ಅಂಜಿ ಅವ್ವ ನನ್ನ ಸೆರಗು ಹಿಡಿದು ಅತ್ತಳು, ನನ್ನಿಂದ ನೋಡಲಾಗಲಿಲ್ಲ. ಯಾರೂ ಇಲ್ಲದಾಗ ಇಬ್ಬರ ಚೀಟಿಗಳನ್ನು ಅದಲು ಬದಲು ಮಾಡಿದೆ. ಇದನ್ನು ಡಾಕ್ಟರರಿಗೆ ಇನ್ನೂ ಹೇಳಿಲ್ಲ. ಶೆಟ್ಟೆವ್ವ ನಿನ್ನೆ ಗುಣವಾಗಿ ಊರಿಗೆ ಹೋದಳು. ಹೋಗುವಾಗ ನನ್ನ ಗಲ್ಲ ಸವರಿ, "ನಿನ್ನ ಕೈಗುಣ ಛಲೋ ಐತಿ ನೋಡವ್ವಾ" ಎಂದಳು.