ಹುಲ್ಲಹಳ್ಳಿಯಲ್ಲಿ ಗೆದ್ದ ನಿನ್ನ ಜೀಪು

ಅಪ್ಪಾ,

ಎತ್ತಿನ ಗಾಡಿ, ಬುಲೆಟ್, ರ‍್ಯಾಲಿ ಜೀಪು, ಎಲ್ಲದರಲ್ಲೂ ಗೆದ್ದು ನಂಜನಗೂಡಿನಲ್ಲಿ ಸ್ವಂತ ರೇಸ್ ತಂಡ ಕಟ್ಟಿದವನು ನೀನು. ನನಗೆ ಮಾತ್ರ ಪಕ್ಕದ ಸೀಟು, ಮಡಿಲಿಗೊಂದು ನಕ್ಷೆ. “ನೀನು ದಾರಿ ಏಳವ್ವ, ಸಾಕು” ಅನ್ನುತ್ತಿದ್ದೆ.

ನೀನು ತೀರಿಕೊಂಡ ಎಂಟನೇ ತಿಂಗಳಿಗೆ, ಇವತ್ತು ಹುಲ್ಲಹಳ್ಳಿಯ ರೇಸಿನಲ್ಲಿ ನಿನ್ನ ಜೀಪು ಓಡಿಸಿದೆ. ಕೊನೆಯ ತಿರುವಿನಲ್ಲಿ ಬ್ರೇಕ್ ಮರೆತು, ನಿನ್ನಂತೆಯೇ ಹಿಂದಕ್ಕೆ ವಾಲಿ, ಸ್ಟೀರಿಂಗನ್ನು ಮೂಗುದಾರದ ಹಗ್ಗದಂತೆ ಜಗ್ಗಿ “ಹೋ ಹೋ” ಅಂದೆ. ಜೀಪು ನಿಲ್ಲಲಿಲ್ಲ, ಗೆದ್ದುಬಿಟ್ಟಿತು.

“ಥೇಟ್ ಯಜಮಾನ್ರೇ ಕಣವ್ವಾ! ಡೀಸೆಲ್ ಕುಡ್ಯೋ ಎತ್ತು ಇದು!” ಎಂದು ಮೆಕ್ಯಾನಿಕ್ ಚಲುವಯ್ಯ ನಕ್ಕರು. ಆಮೇಲೆ ಜೀಪಿನ ಬಾಗಿಲ ಮೇಲೆ ಬರೆದಿದ್ದ ನಿನ್ನ ಹೆಸರು ತೋರಿಸಿ, “ಅವ್ರ ಎಸ್ರು ಅಳಿಸ್‌ಬುಡ್ಲಾ?” ಎಂದರು.

“ಅಳಿಸಬೇಡಿ, ಕೆಳಗಡೆ ನನ್ನ ಹೆಸರು ನಂದಿತಾ ಅಂತ ಬರೀರಿ” ಎಂದೆ.

ನೀನಿದ್ದಿದ್ದರೆ ನನಗೆ ಕೀ ಕೊಡುತ್ತಿದ್ದೆಯಾ ಎಂದು ಮಾತ್ರ ಅವರನ್ನು ಕೇಳಲಿಲ್ಲ.