ಹಡಗಿಗೆ ಕಳಿಸಿದ ಸವತಿ

ಅಡುಗೆಮನೆಯ ಮೇಜಿನಿಂದ,
ಫೆಬ್ರವರಿ ೯, ಭಾನುವಾರ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೆ? ಎಂಜಿನ್ ಕೋಣೆಯ ಸೆಕೆಯಿಂದ ಹೊರಬಂದ ಕೂಡಲೇ ತಣ್ಣೀರು ಸುರಿದುಕೊಳ್ಳಬೇಡಿ ಎಂದರೆ ಕೇಳುವವರಲ್ಲ ನೀವು. ಇಲ್ಲಿ ನಾನು ಚೆನ್ನಾಗಿದ್ದೇನೆ, ಹೊಟ್ಟೆಯುರಿ ಒಂದನ್ನು ಬಿಟ್ಟು. ಅದಕ್ಕೂ ಕಾರಣ ನೀವೇ.

ಹಡಗಿನಲ್ಲಿ ಆಡಲು ಜೊತೆಯಿಲ್ಲ, ಒಳ್ಳೆಯ ಚೆಸ್ ಸಾಫ್ಟ್‌ವೇರ್ ನೋಡಿ ಕಳಿಸು ಎಂದು ಬರೆದಿದ್ದಿರಲ್ಲ. ಅಂದರೆ ನನಗೊಬ್ಬ ಸವತಿಯನ್ನು ನಾನೇ ಆರಿಸಿ ಅಂಚೆಗೆ ಹಾಕಬೇಕು. ಇರಲಿ ಎಂದು ನಿನ್ನೆ ನಿಮ್ಮ ತಂಗಿಯನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ತೋರಿಸಿದ ಮೊದಲನೆಯದಕ್ಕೆ ಸದಾ ಇಂಟರ್ನೆಟ್ ಬೇಕು, ನಡುಕಡಲಲ್ಲಿ ಅದು ಕೆಲಸಕ್ಕೆ ಬಾರದು. ಇನ್ನೊಂದು, ಒಳ್ಳೆಯ ನಡೆ ಇಟ್ಟಾಗಲೆಲ್ಲ ಹೆಣ್ಣಿನ ದನಿಯಲ್ಲಿ "ಎಷ್ಟು ಚೆನ್ನಾಗಿ ಆಡಿದಿರಿ" ಎಂದು ಹೊಗಳುತ್ತದೆ. ಅದು ಬೇಡವೇ ಬೇಡ ಎಂದೆ. ನಿಮ್ಮ ತಂಗಿಗೆ ನಗು ತಡೆಯಲಾಗಲಿಲ್ಲ. "ಅತ್ತಿಗೆ, ಅದಕ್ಕೆ ಕೈಕಾಲೂ ಇಲ್ಲ, ಬಿಡಿ" ಅಂದಳು. ಕೈಕಾಲಿಲ್ಲದಿದ್ದರೇನು, ನಾಲಿಗೆ ಇದೆಯಲ್ಲ. ಮೂರನೆಯದು ಬಾಯಿ ಬಿಡುವುದಿಲ್ಲ. ಎಷ್ಟು ಬಲದಲ್ಲಿ ಆಡಬೇಕೆಂದು ನಾವೇ ಹೊಂದಿಸಬಹುದು. ಮುಗಿದ ಆಟವನ್ನು ಕೊಟ್ಟರೆ ಯಾರು ಎಲ್ಲಿ ಎಡವಿದರೆಂದು ಕೆಂಪು ಗುರುತು ಹಾಕಿ ತೋರಿಸುತ್ತದೆ.

ಪರೀಕ್ಷೆ ಮಾಡೋಣವೆಂದು, ನೀವು ಹೊರಡುವ ಮುನ್ನ ಈ ಮೇಜಿನ ಮೇಲೆ ಆಡಿದ ಕೊನೆಯ ಆಟವನ್ನು ಅದಕ್ಕೆ ಕೊಟ್ಟೆ. ನಾನು ಗೆದ್ದದ್ದಲ್ಲವೆ, ಪ್ರತಿ ನಡೆಯೂ ಬಾಯಿಪಾಠ. ನನ್ನ ತಪ್ಪುಗಳು ಅಲ್ಲಲ್ಲಿ ಕಂಡವು, ಅದಕ್ಕೆ ಬೇಸರವಿಲ್ಲ. ನಿಮ್ಮ ಕಡೆ ಎಲ್ಲವೂ ಚೊಕ್ಕಟ, ಕೊನೆಗೆ ಮಾತ್ರ ಸಾಲಾಗಿ ಕೆಂಪು. ಒಂದೇ ನಡೆಯಲ್ಲಿ ನನ್ನ ರಾಜನನ್ನು ಕಟ್ಟಿಹಾಕಬಹುದಾಗಿದ್ದಾಗ ಮೂಲೆಯ ಸಿಪಾಯಿಯನ್ನು ತಳ್ಳಿದ್ದೀರಿ. ಮತ್ತೆ ಅವಕಾಶ ಬಂದಾಗ ಮಂತ್ರಿಯನ್ನೇ ತಂದು ನನ್ನ ಕುದುರೆಯ ಬಾಯಿಗೆ ಕೊಟ್ಟಿದ್ದೀರಿ. "ಇವ್ರು ಬೇಕಂತ್ಲೇ ಸೋತಿದ್ದಾರೆ ಮೇಡಂ" ಅಂದ ಅಂಗಡಿಯವನು.

ಸೋತವರು ಪಾತ್ರೆ ತೊಳೆಯಬೇಕು ಎಂಬುದು ನಮ್ಮ ಕರಾರು. ಮದುವೆಯಾದಂದಿನಿಂದ ಹೆಚ್ಚುಕಡಿಮೆ ನೀವೇ ತೊಳೆದಿದ್ದೀರಿ, ನಾನು ದೊಡ್ಡ ಆಟಗಾರ್ತಿಯೆಂದು ಕಂಡವರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದೇನೆ. ಅಂಗಡಿಯಲ್ಲಿ ಮನಸ್ಸು ತುಂಬಿ ಬಂತು, ನಿಜ. ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಇನ್ನು ಆ ಯಂತ್ರದ ಎದುರು ನೀವು ಕಿವಿ ಎಳೆದುಕೊಳ್ಳುತ್ತಾ, ಊಟ ಮರೆತು, ಪೂರ್ತಿ ಬುದ್ಧಿ ಕೊಟ್ಟು ಆಡುತ್ತೀರಿ. ನನಗೆ ಪಾತ್ರೆ ತೊಳೆದುಕೊಟ್ಟಿರಿ, ಆ ಯಂತ್ರಕ್ಕೆ ನಿಮ್ಮ ನಿಜವಾದ ಆಟ ಕೊಡುತ್ತೀರಿ. ಆ ಆಟವನ್ನು ನಾನು ಒಂದು ದಿನವೂ ಕಂಡಿಲ್ಲ.

ಮೂರನೆಯದನ್ನೇ ಪೆನ್‌ಡ್ರೈವ್‌ಗೆ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಬೆನ್ನು ನೋಡಿಕೊಳ್ಳಿ. ಅಣ್ಣನನ್ನು ಕೇಳಿದೆನೆಂದು ಬರೆಯಲು ನಿಮ್ಮ ತಂಗಿ ಹೇಳಿದ್ದಾಳೆ.

ನಿಮ್ಮ ಮೊದಲನೆಯವಳು

ಮರೆತಿದ್ದೆ: ಅದೇ ಸಾಫ್ಟ್‌ವೇರನ್ನು ನನಗೂ ಒಂದು ಕೊಂಡಿದ್ದೇನೆ, ಆಡಲು ಅಲ್ಲ, ನಿಮ್ಮ ನಡೆಗಳ ಮೇಲೆ ಕಣ್ಣಿಡಲು. ಇನ್ನು ಮೇಲೆ ಪತ್ರಕ್ಕೊಂದು ನಡೆ. ನನ್ನದು ರಾಜನ ಮುಂದಿನ ಸಿಪಾಯಿ, ಎರಡು ಮನೆ. ಬೇಕಂತಲೇ ತಪ್ಪು ನಡೆ ಇಟ್ಟರೆ ಕೆಂಪು ಗುರುತು ಬೀಳುತ್ತದೆ, ನನಗೆ ಗೊತ್ತಾಗುತ್ತದೆ. ನೀವು ಬಂದ ಮೇಲೆ ಪಾತ್ರೆಯೆಲ್ಲ ನಾನೇ ತೊಳೆಯುತ್ತೇನೆ. ನನ್ನನ್ನು ಒಮ್ಮೆ ಸರಿಯಾಗಿ ಸೋಲಿಸಿ.